ಕಾಪುವಿನಿಂದ ಪಡುಕೆರೆಗೆ ಈಜಿದರೆ ಮಕ್ಕಳ ಈಜು ತರಗತಿಗೆ ದುಡ್ಡು ಹೇಗೆ ಬರುತ್ತದೆ?

ಈಜಿನಲ್ಲಿ ಮ್ಯಾರಥಾನ್ ಎಂದರೆ ಹತ್ತು ಕಿಲೋಮೀಟರ್. 2008ರ ಬೀಜಿಂಗ್ ಕೂಟದಿಂದ ಒಲಿಂಪಿಕ್ಸ್‌ನಲ್ಲೂ ಈ ದೂರದ ತೆರೆದ ನೀರಿನ ಸ್ಪರ್ಧೆ ನಡೆಯುತ್ತಿದೆ. ಓಟದ 42 ಕಿಲೋಮೀಟರ್ ಕೇಳಿ ಅಭ್ಯಾಸವಾದವರಿಗೆ ಹತ್ತು ಸಣ್ಣದೆನಿಸಬಹುದು. ಆದರೆ ಚೆನ್ನಾಗಿ ಪಳಗಿದ ಹವ್ಯಾಸಿ ಈಜುಗಾರರು ಕೂಡ ಗಂಟೆಗೆ ಎರಡೂವರೆಯಿಂದ ಮೂರು ಕಿ.ಮೀ. ಸಾಗಿದರೆ ಹೆಚ್ಚು. ಅಂದರೆ ಮೂರೂವರೆ, ನಾಲ್ಕು ಗಂಟೆ ಕಾಲ ಕಾಲಿಗೆ ನೆಲ ಸಿಗುವುದಿಲ್ಲ, ಕೈಗೆ ಕೊಳದ ಅಂಚು ಸಿಗುವುದಿಲ್ಲ. ಇಂಗ್ಲಿಷ್ ಕಾಲುವೆಯನ್ನು 1875ರಲ್ಲಿ ಮೊದಲು ದಾಟಿದ ಮ್ಯಾಥ್ಯೂ ವೆಬ್‌ಗೆ 21 ಗಂಟೆ 45 ನಿಮಿಷ ಹಿಡಿದಿತ್ತು. ಭಾರತೀಯರಲ್ಲಿ ಮೊದಲಿಗರು ಮಿಹಿರ್ ಸೇನ್, 1958ರಲ್ಲಿ. ಮರುವರ್ಷವೇ ಆರತಿ ಸಾಹಾ ದಾಟಿದರು, ಏಷ್ಯಾದ ಹೆಂಗಸರಲ್ಲಿ ಅವರೇ ಮೊದಲು.

ಇಂಥ ಈಜನ್ನು ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವ ದಾರಿಯಾಗಿ ಬಳಸುವುದು ಹಲವು ದೇಶಗಳಲ್ಲಿ ರೂಢಿ. "ನಾನು ಇಷ್ಟು ದೂರ ಈಜುತ್ತೇನೆ, ನೀವು ಇಷ್ಟು ಕೊಡಿ" ಎಂಬುದೇ ಅದರ ಒಪ್ಪಂದ. ಉಡುಪಿ, ಮಂಗಳೂರು ಕಡೆ ಕಡಲೂ ಇದೆ, ಕಡಲು ಬಲ್ಲ ಜನರೂ ಇದ್ದಾರೆ, ಕೊಳಗಳೂ ಇವೆ, ನೀರಿಗಿಳಿಯುವ ಅವಕಾಶಕ್ಕೆ ಕಾದಿರುವ ವಿಕಲಚೇತನ ಮಕ್ಕಳೂ ಇದ್ದಾರೆ. ಇವಿಷ್ಟನ್ನೂ ಒಂದೇ ದಾರಕ್ಕೆ ಪೋಣಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ. ಪೋಣಿಸುವಾಗ ಒಂದು ಗಂಟನ್ನು ಮಾತ್ರ ಹಾಕಲೇಬಾರದು ಎಂದು ನಾನು ನಂಬಿದ್ದೇನೆ: ದಾನದ ಹಣವನ್ನು ಈಜು ಮುಗಿಯುವ ದಡಕ್ಕೆ ಕಟ್ಟಿಹಾಕಬಾರದು. ಏಕೆ ಎನ್ನುವುದು ಗೊತ್ತಾಗಬೇಕಾದರೆ ಮೊದಲು ಕಡಲನ್ನು ನೋಡಬೇಕು.

ನಮ್ಮ ಕಡಲಲ್ಲಿ ಯಾವಾಗ, ಎಲ್ಲಿಂದ ಎಲ್ಲಿಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತೇ ಇಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಬೋಟುಗಳೇ ದಕ್ಕೆಯಲ್ಲಿ ಕಟ್ಟಿಕೊಂಡಿರುವಾಗ ಈಜುವವರಿಗೆ ಅಲ್ಲಿ ಕೆಲಸವಿಲ್ಲ. ಮಳೆಗಾಲ ಕಳೆದು ಕಡಲು ಶಾಂತವಾಗಿ, ನೀರು ತಿಳಿಯಾಗುವುದು ನವೆಂಬರ್ ಹೊತ್ತಿಗೆ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಬೆಳಗುಗಳು ದೂರದ ಈಜಿಗೆ ಹೇಳಿ ಮಾಡಿಸಿದವು. ರಾತ್ರಿಯಿಡೀ ನೆಲ ತಂಪಾಗಿ, ಬೆಳಗಿನ ಜಾವ ಗಾಳಿ ಮೂಡಿನಿಂದ ಪಡುವಿಗೆ, ಅಂದರೆ ನೆಲದಿಂದ ಕಡಲಿಗೆ ಬೀಸುತ್ತದೆ. ಆಗ ದಡದ ಹತ್ತಿರದ ನೀರು ಹಾಸಿದಂತೆ ಇರುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಬರುವ ಕಡಲ ಗಾಳಿ ಸಣ್ಣ ಸಣ್ಣ ತೆರೆಗಳನ್ನು ಎಬ್ಬಿಸಿ, ಬಡಗು ದಿಕ್ಕಿಗೆ ಹೋಗುವವರ ಮುಖಕ್ಕೇ ಬಡಿಯುತ್ತದೆ. ಉಸಿರೆಳೆಯಲು ಬಾಯಿ ತೆರೆದಾಗಲೆಲ್ಲ ಉಪ್ಪುನೀರು. ಹಾಗಾಗಿ ಈಜು ಬೆಳಕು ಹರಿಯುವ ಮುಂಚೆ ಶುರುವಾಗಿ ಹತ್ತು, ಹತ್ತೂವರೆಯ ಒಳಗೆ ಮುಗಿಯಬೇಕು.

ದಿಕ್ಕಿನ ವಿಷಯದಲ್ಲಿ ಪ್ರಕೃತಿಯೇ ಒಂದು ಸುಳಿವು ಕೊಡುತ್ತದೆ. ಭಾರತದ ಪಶ್ಚಿಮ ಕರಾವಳಿಯುದ್ದಕ್ಕೂ ಹರಿಯುವ ದೊಡ್ಡ ಪ್ರವಾಹ ಮಳೆಗಾಲದಲ್ಲಿ ತೆಂಕಿಗೆ, ಚಳಿಗಾಲದಲ್ಲಿ ಬಡಗಿಗೆ ಸಾಗುತ್ತದೆ. ದಡದ ತೀರ ಹತ್ತಿರ ಭರತ ಇಳಿತ ಮತ್ತು ಗಾಳಿಯ ಆಟವೇ ಮೇಲುಗೈ, ಆದರೂ ಡಿಸೆಂಬರ್, ಜನವರಿಯಲ್ಲಿ ತೆಂಕಿನಿಂದ ಬಡಗಿಗೆ ಈಜುವುದೇ ಜಾಣತನ.

ಒಂದು ದಾರಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ: ಉಡುಪಿ ಜಿಲ್ಲೆಯ ಕಾಪುವಿನ ದೀಪಸ್ತಂಭದ ಬುಡದಿಂದ ಹೊರಟು ಮಟ್ಟು ದಾಟಿ ಪಡುಕೆರೆಯವರೆಗೆ, ಸುಮಾರು 12 ಕಿ.ಮೀ. 1901ರಲ್ಲಿ ಕಟ್ಟಿದ ಆ ದೀಪಸ್ತಂಭ ಹೊರಡುವವರಿಗೆ ಒಳ್ಳೆಯ ಗುರುತು. ಬಲಗಡೆಗೆ ಉದ್ದಕ್ಕೂ ತೆಂಗಿನ ಸಾಲು, ಬೆಂಗಾವಲಿನವರಿಗೆ ದಡದ ರಸ್ತೆ. ಮಲ್ಪೆ ಬೀಚಿನವರೆಗೂ ಹೋಗಿ ಮುಗಿಸಿದರೆ ಜನ ಹೆಚ್ಚು ಸೇರುತ್ತಾರೆ, ನಿಜ. ಆದರೆ ನಡುವೆ ಅಳಿವೆ ಬಾಗಿಲು ಅಡ್ಡ ಬರುತ್ತದೆ. ಇಳಿತದ ಹೊತ್ತಿಗೆ ಹೊಳೆಯ ನೀರು ಅಲ್ಲಿಂದ ಕಡಲಿಗೆ ನುಗ್ಗುವ ರಭಸಕ್ಕೆ ಎಂಥ ಈಜುಗಾರರೂ ಎದುರು ನಿಲ್ಲಲಾರರು. ಜೊತೆಗೆ ಬಂದರಿಗೆ ಹೋಗಿಬರುವ ಬೋಟುಗಳ ಸಾಲು. ಟ್ರಾಲ್ ಬೋಟಿನ ಚುಕ್ಕಾಣಿ ಹಿಡಿದವರಿಗೆ ನೀರಿನ ಮಟ್ಟದಲ್ಲಿರುವ ಒಂದು ತಲೆ ಕಾಣುವುದು ಕಷ್ಟ. ಪಣಂಬೂರಿನಲ್ಲೂ ಇದೇ ತೊಂದರೆ, ಅಲ್ಲಿ ಇನ್ನೂ ದೊಡ್ಡ ಹಡಗುಗಳು. ಅಳಿವೆಗೆ ಮುಂಚೆಯೇ ಮುಗಿಯುವ ದಾರಿಯನ್ನು ಆರಿಸಿಕೊಳ್ಳುವುದು ಅಂಜಿಕೆಯಲ್ಲ, ವಿವೇಕ.

ಹೊರಡುವ ಮುಂಚೆ ಮಾಡಬೇಕಾದ ಮಾತುಕತೆಗಳೂ ಇವೆ. ಕರಾವಳಿ ಕಾವಲು ಪೊಲೀಸರ ಕೇಂದ್ರ ಕಚೇರಿ ಮಲ್ಪೆಯಲ್ಲೇ ಇದೆ. ಅವರಿಗೆ ಲಿಖಿತವಾಗಿ ತಿಳಿಸಬೇಕು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಡಲಿನ ಸ್ಥಿತಿಯ ಮುನ್ಸೂಚನೆಯನ್ನು ಹೊರಡಿಸುತ್ತದೆ, ಅದನ್ನು ವಾರದಿಂದಲೇ ನೋಡುತ್ತಿರಬೇಕು. ಎಲ್ಲಕ್ಕಿಂತ ಮುಖ್ಯ, ದಾರಿಯುದ್ದದ ಮೀನುಗಾರರಿಗೆ ಹೇಳಬೇಕು. ಕೈರಂಪಣಿ ಎಳೆಯುವವರ ಬಲೆ ದಡದಿಂದ ಅರ್ಧಚಂದ್ರದ ಹಾಗೆ ಕಡಲಿಗೆ ಚಾಚಿರುತ್ತದೆ. ಆ ಬೆಳಗ್ಗೆ ಯಾರು ಎಲ್ಲಿ ಬಲೆ ಬಿಡುತ್ತಾರೆ ಎಂಬುದು ಯಾವ ನಕ್ಷೆಯಲ್ಲೂ ಇಲ್ಲ, ಊರಿನವರ ಬಾಯಲ್ಲಿದೆ. ಬೆಂಗಾವಲಿಗೆ ಹೊರಗಿನಿಂದ ಸ್ಪೀಡ್ ಬೋಟ್ ತರುವ ಬದಲು ಆ ಭಾಗದ ನಾಡದೋಣಿಯವರನ್ನೇ ಕರೆದುಕೊಳ್ಳಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ. ನೀರಿನ ಬಣ್ಣ ನೋಡಿ "ಗಾಳಿ ತಿರುಗಿತು ಮಾರಾಯ್ರೆ, ಇನ್ನು ಒಂದು ಗಂಟೆ ಅಷ್ಟೆ" ಎಂದು ಹೇಳುವವರು ದೋಣಿಯಲ್ಲಿದ್ದರೆ ಅರ್ಧ ಭಯ ಕಳೆದಂತೆ.

ಚಳಿಯಲ್ಲ, ಬಿಸಿ

ದೂರದ ಈಜಿನ ಬಗ್ಗೆ ಬರುವ ಬರಹಗಳಲ್ಲಿ ಹೆಚ್ಚಿನವು ಚಳಿ ನೀರಿನವು. ಇಂಗ್ಲಿಷ್ ಕಾಲುವೆಯಲ್ಲಿ ಬೇಸಗೆಯಲ್ಲೂ ನೀರು 15ರಿಂದ 18 ಡಿಗ್ರಿ. ನಮ್ಮಲ್ಲಿ ಅರಬ್ಬಿ ಸಮುದ್ರದ ಮೇಲ್ಮೈ ವರ್ಷದ ಹೆಚ್ಚಿನ ದಿನ 27ರಿಂದ 30 ಡಿಗ್ರಿ. ಇಲ್ಲಿ ದೇಹದ ಶತ್ರು ಬಿಸಿ.

ಓಡುವಾಗ ಬೆವರು ಆರಿ ಮೈ ತಣ್ಣಗಾಗುತ್ತದೆ. ನೀರಿನೊಳಗೆ ಬೆವರುತ್ತೇವೆ, ಆದರೆ ಬೆವರು ಆರುವುದಿಲ್ಲ. ಮೈಯ ಶಾಖ ಹೊರಗೆ ಹೋಗಬೇಕಾದರೆ ಸುತ್ತಲಿನ ನೀರು ಮೈಗಿಂತ ಸಾಕಷ್ಟು ತಣ್ಣಗಿರಬೇಕು. ನೀರು 30ರ ಹತ್ತಿರವಿದ್ದು, ಸ್ನಾಯುಗಳು ಗಂಟೆಗಟ್ಟಲೆ ದುಡಿಯುತ್ತಿದ್ದರೆ, ಒಳಗಿನ ಉಷ್ಣ ಸ್ವಲ್ಪಸ್ವಲ್ಪವಾಗಿ ಏರುತ್ತಲೇ ಹೋಗುತ್ತದೆ. ಮೇಲಿಂದ ಬೆನ್ನಿಗೆ ಬಿಸಿಲು ಬೇರೆ. 2010ರ ಅಕ್ಟೋಬರಿನಲ್ಲಿ ಯುಎಇಯ ಫುಜೈರಾದಲ್ಲಿ ನಡೆದ ಹತ್ತು ಕಿ.ಮೀ. ವಿಶ್ವಕಪ್ ಸ್ಪರ್ಧೆಯಲ್ಲಿ ಅಮೆರಿಕದ ಫ್ರಾನ್ ಕ್ರಿಪ್ಪೆನ್ ಎಂಬ 26 ವರ್ಷದ ಉತ್ತಮ ಈಜುಗಾರ ಬೆಚ್ಚನೆಯ ನೀರಿನಲ್ಲಿ ಪ್ರಾಣ ಬಿಟ್ಟರು. ಅವರು ಕಾಣೆಯಾದದ್ದು ಕೂಡಲೇ ಯಾರ ಗಮನಕ್ಕೂ ಬರಲಿಲ್ಲ. ಆ ಸಾವಿನ ನಂತರವೇ ಅಂತರರಾಷ್ಟ್ರೀಯ ಈಜು ಸಂಸ್ಥೆ ನೀರಿನ ಉಷ್ಣತೆ 31 ಡಿಗ್ರಿ ಮೀರಿದರೆ ಸ್ಪರ್ಧೆ ನಡೆಸಬಾರದೆಂಬ ಮಿತಿಯನ್ನು ಹಾಕಿತು. ನಮ್ಮ ಕಡಲು ಏಪ್ರಿಲ್, ಮೇ ತಿಂಗಳಲ್ಲಿ ಆ ಗೆರೆಯ ತೀರ ಹತ್ತಿರ ಬರುತ್ತದೆ. ಶಾಲೆಗೆ ರಜೆಯೆಂದು ಬೇಸಗೆಯಲ್ಲಿ ದೂರದ ಕಡಲೀಜು ಇಟ್ಟುಕೊಳ್ಳುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಬಿಸಿಯ ಕೆಟ್ಟ ಗುಣವೆಂದರೆ ಅದು ಏರುವುದು ಈಜುವವರಿಗೇ ತಿಳಿಯುವುದಿಲ್ಲ. ಚಳಿಯಾದರೆ ಹಲ್ಲು ಕಟಕಟ ಎನ್ನುತ್ತದೆ. ಬಿಸಿ ಏರಿದಾಗ ತಲೆ ಮಂಕಾಗುತ್ತದೆ, ದಾರಿ ಓರೆಯಾಗುತ್ತದೆ, ಕೇಳಿದ್ದಕ್ಕೆಲ್ಲ "ಆರಾಮ, ಆರಾಮ" ಎಂಬ ಉತ್ತರ ಬರುತ್ತದೆ. ಹಾಗಾಗಿ ನೋಡುವ ಕಣ್ಣು ದೋಣಿಯಲ್ಲಿರಬೇಕು.

ದೋಣಿಯಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಬ್ಬರ ಕೈಯಲ್ಲಿ ಗಡಿಯಾರ, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಒಂದು ನೋಟ್‌ಬುಕ್. ಅವರು ನಿಮಿಷಕ್ಕೆ ಎಷ್ಟು ಬಾರಿ ಕೈ ಬೀಸುತ್ತಿದೆ ಎಂದು ಎಣಿಸಿ ಬರೆಯುತ್ತಾರೆ. ಮೊದಲ ಗಂಟೆಯಲ್ಲಿ 60 ಇದ್ದದ್ದು ಮೂರನೆಯ ಗಂಟೆಯಲ್ಲಿ 58ಕ್ಕೆ ಇಳಿದರೆ ದಣಿವು. ಒಮ್ಮೆಲೇ 48ಕ್ಕೆ ಬಂದರೆ ಅದು ಬೇರೆಯೇ ಸಂಗತಿ. ಅರ್ಧ ಗಂಟೆಗೊಮ್ಮೆ ಸೀಟಿ. ನೈಲಾನ್ ಹಗ್ಗಕ್ಕೆ ಕಟ್ಟಿದ ಅಗಲ ಬಾಯಿಯ ಬಾಟಲಿ ನೀರಿಗೆ ಬೀಳುತ್ತದೆ. ಈಜುಗಾರರು ಅಂಗಾತ ತಿರುಗಿ, ಕಾಲನ್ನು ಮೆಲ್ಲಗೆ ಆಡಿಸುತ್ತಾ, ಇನ್ನೂರು ಮಿಲಿಲೀಟರಿನಷ್ಟನ್ನು ಗುಟುಕರಿಸಿ ಬಾಟಲಿಯನ್ನು ಕೈಬಿಡುತ್ತಾರೆ, ಹಗ್ಗ ಎಳೆದುಕೊಂಡರಾಯಿತು. ಒಳಗಿರುವುದು ಸಕ್ಕರೆ ಅಂಶದ ಪುಡಿ ಕಲಸಿದ ನೀರಾಗಬಹುದು, ನಮ್ಮ ಕಡೆಯವರಿಗೆ ಉಪ್ಪು ಬೆಲ್ಲ ಹಾಕಿದ ಕುಚ್ಚಲಕ್ಕಿ ಗಂಜಿಯ ತಿಳಿಯೂ ಆಗಬಹುದು. ಬರೀ ನೀರು ಮಾತ್ರ ಕೊಡುತ್ತಾ ಹೋಗಬಾರದು, ರಕ್ತದಲ್ಲಿ ಸೋಡಿಯಂ ಇಳಿದು ಅದೇ ಒಂದು ಆಪತ್ತಾಗುತ್ತದೆ. ಕುತ್ತಿಗೆ, ಕಂಕುಳಿನಲ್ಲಿ ಉಪ್ಪು ಉಜ್ಜಿ ಚರ್ಮ ಸುಲಿಯದಿರಲು ಹೊರಡುವ ಮುಂಚೆಯೇ ವ್ಯಾಸಲಿನ್ ದಪ್ಪಗೆ ಬಳಿದಿರುತ್ತಾರೆ. ಜೆಲ್ಲಿಫಿಶ್ ತಾಗಿದರೆ ಉಜ್ಜಬಾರದು, ಸಿಹಿನೀರು ಸುರಿಯಬಾರದು, ಕಡಲ ನೀರಿನಿಂದಲೇ ತೊಳೆಯಬೇಕು.

ಇಷ್ಟೆಲ್ಲದರ ನಡುವೆ ಒಂದು ನಿಯಮ: ದಾಖಲೆಗೆ ಸೇರಬೇಕಾದ ಈಜಿನಲ್ಲಿ ದೋಣಿಯನ್ನಾಗಲಿ ಮನುಷ್ಯರನ್ನಾಗಲಿ ಮುಟ್ಟುವಂತಿಲ್ಲ. ಮುಟ್ಟಿದರೆ ಈಜು ಅಲ್ಲಿಗೆ ಮುಗಿಯಿತು. ಹಣ ಕೂಡಿಸುವ ಈಜಿಗೆ ಇದು ಬಂದು ಸೇರಿದಾಗಲೇ ತೊಡಕು ಹುಟ್ಟುವುದು.

ಎಂಟನೆಯ ಕಿಲೋಮೀಟರಿನಲ್ಲಿ ಯಾರು ತೀರ್ಮಾನಿಸಬೇಕು

ಹಣ ಕೇಳುವ ಸಾಮಾನ್ಯ ರೀತಿ ಕಿಲೋಮೀಟರಿಗೆ ಇಂತಿಷ್ಟು ಎಂದು. ಕೇಳಲು ಚೆಂದ, ಮಕ್ಕಳಿಗೂ ಅರ್ಥವಾಗುತ್ತದೆ. ಲೆಕ್ಕಕ್ಕೆಂದು ಹೀಗೆ ಊಹಿಸಿ: 230 ಜನ ಕಿಲೋಮೀಟರಿಗೆ ₹100ರಂತೆ ಒಪ್ಪಿದ್ದಾರೆ. 12 ಕಿ.ಮೀ. ಮುಗಿದರೆ ₹2,76,000. ಎಂಟರಲ್ಲಿ ನಿಂತರೆ ₹1,84,000. ಈಗ ದೋಣಿಯಲ್ಲಿ ಕೂತವರ ಜಾಗದಲ್ಲಿ ನಿಂತು ಯೋಚಿಸಿ. ಕೈಬೀಸು ಕುಸಿಯುತ್ತಿದೆ, ಉತ್ತರ ತೊದಲುತ್ತಿದೆ. ಮೇಲೆತ್ತಿದರೆ ₹92,000 ಹೋಯಿತು, ಅಂದರೆ ಮಕ್ಕಳ ತರಗತಿಯ ಮೂರನೆಯ ಒಂದು ಪಾಲು. ಈಜುವವರಿಗೂ ಅದೇ ಲೆಕ್ಕ ತಲೆಯಲ್ಲಿ ಸುತ್ತುತ್ತಿರುತ್ತದೆ. ತನಗಾಗಿ ಈಜುವಾಗ ಸೋಲೊಪ್ಪಿಕೊಳ್ಳುವುದು ಸುಲಭ, ಪರರಿಗಾಗಿ ಈಜುವಾಗ ಕಷ್ಟ. ಒಳ್ಳೆಯ ಮನಸ್ಸಿನವರೇ ಇಲ್ಲಿ ಹೆಚ್ಚು ಅಪಾಯದಲ್ಲಿರುತ್ತಾರೆ.

ಆದ್ದರಿಂದ ದಾನ ಪ್ರಯತ್ನಕ್ಕೆ ಸಲ್ಲಬೇಕು, ದೂರಕ್ಕಲ್ಲ. ಇಡೀ ಮೊತ್ತ ಈಜಿನ ಹಿಂದಿನ ದಿನವೇ ಖಾತೆಗೆ ಬಂದಿರಬೇಕು. ಆಗ ದೋಣಿಯಲ್ಲಿರುವ ವೈದ್ಯರು "ಸಾಕು" ಎಂದರೆ ಸಾಕು. ಯಾರೂ ಚೌಕಾಸಿ ಮಾಡಬೇಕಾಗಿಲ್ಲ. ಹೀಗೆ ಮಾಡಿದರೆ ಜನ ಕೊಡುತ್ತಾರೆಯೇ ಎಂದು ಅನುಮಾನಿಸುವವರು ಮಾರ್ಟನ್ ವಾನ್ ಡೆರ್ ವೇಡನ್ ಅವರನ್ನು ನೋಡಬೇಕು. ನೆದರ್ಲೆಂಡ್ಸ್‌ನ ಈತ ರಕ್ತ ಕ್ಯಾನ್ಸರಿನಿಂದ ಗುಣವಾಗಿ ಬಂದು ಬೀಜಿಂಗ್‌ನ ಹತ್ತು ಕಿ.ಮೀ. ಈಜಿನಲ್ಲಿ ಚಿನ್ನ ಗೆದ್ದವರು. 2018ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ತಮ್ಮ ದೇಶದ ಹನ್ನೊಂದು ಪಟ್ಟಣಗಳನ್ನು ಸುತ್ತುವ ಸುಮಾರು 200 ಕಿ.ಮೀ. ಕಾಲುವೆ ದಾರಿಗೆ ಇಳಿದರು. 163 ಕಿ.ಮೀ. ಆದ ಮೇಲೆ ವೈದ್ಯರ ಮಾತಿನಂತೆ ನೀರಿನಿಂದ ಮೇಲೆ ಬಂದರು. ಮುಗಿಸಲಿಲ್ಲವೆಂದು ಜನ ಕೈ ಬಿಗಿಹಿಡಿಯಲಿಲ್ಲ, ಲಕ್ಷಾಂತರ ಯೂರೊ ಹರಿದುಬಂತು. ಮರುವರ್ಷ ಮತ್ತೆ ಇಳಿದು ಪೂರ್ತಿ ಸುತ್ತಿದರು.

ಕೊಳದಲ್ಲಿ ಏನು ನಡೆಯುತ್ತದೆ

ಇನ್ನು ಹಣ ಹೋಗಬೇಕಾದ ಜಾಗಕ್ಕೆ ಬರೋಣ. ಉಡುಪಿಯ ಅಜ್ಜರಕಾಡಿನಲ್ಲಿ ಕೊಳವಿದೆ; ಮಂಗಳೂರಿನಲ್ಲಿ ಮಂಗಳಾ ಈಜುಕೊಳವಿದೆ, ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಕಟ್ಟಿದ ಎಮ್ಮೆಕೆರೆಯ ಕೊಳವಿದೆ. ಕೊಳವಿದ್ದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋದರಾಯಿತಲ್ಲ, ಲಕ್ಷಗಟ್ಟಲೆ ಖರ್ಚೇಕೆ?

ಸಾಮಾನ್ಯ ಬೇಸಗೆ ಶಿಬಿರದಲ್ಲಿ ಒಬ್ಬ ತರಬೇತುದಾರರು ಹತ್ತು, ಹದಿನೈದು ಮಕ್ಕಳನ್ನು ಸಂಭಾಳಿಸುತ್ತಾರೆ. ವಿಕಲಚೇತನ ಮಕ್ಕಳ ತರಗತಿಯಲ್ಲಿ ಬಹಳಷ್ಟು ಸಲ ಒಂದು ಮಗುವಿಗೆ ನೀರಿನೊಳಗೇ ಒಬ್ಬರು ಬೇಕು. ಏಕೆಂಬುದಕ್ಕೆ ಉತ್ತರ ಲಂಡನ್ನಿನ ಹ್ಯಾಲಿವಿಕ್ ಎಂಬ ಶಾಲೆಯಲ್ಲಿ ಸಿಕ್ಕಿತು. 1949-50ರ ಹೊತ್ತಿಗೆ ಅಲ್ಲಿನ ವಿಕಲಚೇತನ ಹುಡುಗಿಯರಿಗೆ ಈಜು ಕಲಿಸಲು ಹೊರಟ ಜೇಮ್ಸ್ ಮೆಕ್‌ಮಿಲನ್ ದ್ರವಗಳ ಚಲನೆಯನ್ನು ಓದಿಕೊಂಡಿದ್ದ ಎಂಜಿನಿಯರ್. ಅವರು ಕೈ ಬೀಸುವುದರಿಂದ ಪಾಠ ಶುರುಮಾಡಲಿಲ್ಲ, ಮೈ ತಿರುಗುವುದರಿಂದ ಶುರುಮಾಡಿದರು. ನೀರಿನಲ್ಲಿ ಎರಡು ಬಲಗಳು ಕೆಲಸ ಮಾಡುತ್ತವೆ: ಭಾರ ಕೆಳಗೆ ಎಳೆಯುತ್ತದೆ, ನೀರು ಮೇಲಕ್ಕೆ ಒತ್ತುತ್ತದೆ. ಎರಡೂ ಒಂದೇ ಗೆರೆಯಲ್ಲಿದ್ದರೆ ಮೈ ಸುಮ್ಮನೆ ತೇಲುತ್ತದೆ. ಒಂದು ಕಾಲು ಸಣಕಲಾಗಿದ್ದರೆ, ಒಂದು ಬದಿಯ ಸ್ನಾಯು ಸೆಟೆದಿದ್ದರೆ, ತೋಳೊಂದು ಇಲ್ಲದಿದ್ದರೆ, ಆ ಗೆರೆ ತಪ್ಪುತ್ತದೆ. ದೋಣಿಯಲ್ಲಿ ಎಲ್ಲರೂ ಒಂದೇ ಬದಿಗೆ ಕೂತರೆ ದೋಣಿ ವಾಲುವಂತೆ ಮೈ ತಾನಾಗಿ ಉರುಳುತ್ತದೆ, ಮುಖ ನೀರೊಳಗೆ ಹೋಗುತ್ತದೆ. ಹೀಗೆ ಉರುಳುವುದನ್ನು ತಡೆಯಲು ಮತ್ತು ಬೇಕೆಂದಾಗ ತಾನೇ ಉರುಳಿ ಮುಖ ಮೇಲೆ ತರಲು ಕಲಿತ ಮಗು ನೀರಿನಲ್ಲಿ ಸುರಕ್ಷಿತ. ಕೈಬೀಸು, ಕಾಲಬಡಿತ ಆಮೇಲೆ.

ಈ ಕ್ರಮದಲ್ಲಿ ತೋಳಿಗೆ ಗಾಳಿಚೀಲ ಕಟ್ಟುವುದಿಲ್ಲ. ಅದು ಮಗುವನ್ನು ನೆಟ್ಟಗೆ ನಿಲ್ಲಿಸಿಬಿಡುತ್ತದೆ, ತಿರುಗಲು ಬಿಡುವುದಿಲ್ಲ. ಕಲಿಯಬೇಕಾದ್ದನ್ನೇ ಕಲಿಯಲು ಕೊಡುವುದಿಲ್ಲ. ಅದರ ಜಾಗದಲ್ಲಿ ಒಂದು ಜೋಡಿ ಕೈ. ಮೊದಲ ದಿನಗಳ ತರಗತಿ ನೋಡಿದವರಿಗೆ ಏನೂ ನಡೆಯುತ್ತಿಲ್ಲ ಎನಿಸಬಹುದು. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ, ಇರುವ ಮಗುವೊಂದು ಮೆಟ್ಟಿಲಿನ ಮೇಲೆ ಸೊಂಟದವರೆಗೆ ನೀರಿನಲ್ಲಿ ಕೂತಿದೆ. ಎದುರಿಗೆ ಸಹಾಯಕಿ, ಕಣ್ಣಿನ ಮಟ್ಟ ಒಂದೇ ಆಗುವಂತೆ ಬಗ್ಗಿದ್ದಾರೆ. ನಡುವೆ ಒಂದು ಟೇಬಲ್ ಟೆನಿಸ್ ಚೆಂಡು ತೇಲುತ್ತಿದೆ. ಮಗು ಊದಬೇಕು, ಚೆಂಡು ಅವರ ಕಡೆ ಹೋಗಬೇಕು. ತುಟಿ ಒಟ್ಟಾಗುವುದಿಲ್ಲ, ಗಾಳಿ ಪಕ್ಕಕ್ಕೆ ಹೋಗುತ್ತದೆ, ಚೆಂಡು ಅಲ್ಲೇ ನಿಂತಿರುತ್ತದೆ. ಮತ್ತೆ ಊದು. ಆ ಚೆಂಡು ಒಂದು ಗೇಣು ಸರಿಯಲು ವಾರಗಳೇ ಬೇಕಾಗಬಹುದು. ಆದರೆ ಬಾಯಿ ನೀರಿಗೆ ತಾಗಿದಾಗ ಎಳೆದುಕೊಳ್ಳುವ ಬದಲು ಊದಬೇಕೆಂದು ಮೈಗೆ ಗೊತ್ತಾಗುವುದು ಹೀಗೆಯೇ. ಮುಂದಿನ ಪಾಠಗಳೆಲ್ಲ ಅದರ ಮೇಲೆ ನಿಂತಿವೆ.

ನೀರಿನಿಂದ ಸಿಗುವ ಲಾಭ ಕಣ್ಣಿಗೆ ಕಾಣುವಂಥದ್ದು. ಸೊಂಟದವರೆಗಿನ ನೀರಿನಲ್ಲಿ ಮೈಭಾರ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಕುತ್ತಿಗೆಯವರೆಗೆ ಹೋದರೆ ಹತ್ತರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ನೆಲದ ಮೇಲೆ ನಿಲ್ಲಲಾಗದ ಮಗು ಅಲ್ಲಿ ನಿಲ್ಲುತ್ತದೆ. ಬೆಂಗಳೂರಿನ ನಿರಂಜನ್ ಮುಕುಂದನ್ ಬೆನ್ನುಮೂಳೆ ಪೂರ್ತಿ ಕೂಡಿರದ ಸ್ಪೈನಾ ಬೈಫಿಡಾ ಎಂಬ ತೊಂದರೆಯೊಂದಿಗೆ ಹುಟ್ಟಿದವರು. ವೈದ್ಯರು ಚಿಕಿತ್ಸೆಯ ಭಾಗವಾಗಿ ನೀರಿಗಿಳಿಯಲು ಹೇಳಿದ್ದರಿಂದ ಈಜಿಗೆ ಬಂದರು, ಟೋಕಿಯೊ ಪ್ಯಾರಾಲಿಂಪಿಕ್ಸ್‌ವರೆಗೆ ಹೋದರು. ಎಲ್ಲ ಮಕ್ಕಳೂ ಅಲ್ಲಿಗೆ ಹೋಗಬೇಕಾಗಿಲ್ಲ. ಅಣ್ಣ ತಂಗಿಯರ ಜೊತೆ ನೀರಾಟವಾಡಲು ಬಂದರೂ ಅದು ದೊಡ್ಡದೇ.

ಜಾಗ್ರತೆಗಳೂ ಮಗುವಿನಿಂದ ಮಗುವಿಗೆ ಬೇರೆ. ಸ್ನಾಯು ಸೆಟೆಯುವ ಮಕ್ಕಳಿಗೆ ಬೆಚ್ಚನೆಯ ನೀರು ಹಿತ; ಡಿಸೆಂಬರಿನ ಬೆಳಗ್ಗೆ ಏಳಕ್ಕೆ ಅವರನ್ನು ಇಳಿಸಿದರೆ ಕೈಕಾಲು ಇನ್ನಷ್ಟು ಬಿಗಿಯುತ್ತದೆ, ಮಧ್ಯಾಹ್ನದ ಹೊತ್ತು ಬೇಕು. ಅಪಸ್ಮಾರ ಇರುವ ಮಗುವಿನ ಮೇಲೆ ಒಂದು ಕ್ಷಣವೂ ಕಣ್ಣು ತಪ್ಪಬಾರದು. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕುತ್ತಿಗೆಯ ಮೇಲ್ಭಾಗದ ಎರಡು ಮೂಳೆಗಳ ಹಿಡಿತ ಸಡಿಲವಿರುತ್ತದೆ, ವೈದ್ಯರು ನೋಡಿ ಒಪ್ಪದೆ ಧುಮುಕಿಸುವಂತಿಲ್ಲ. ಆಟಿಸಂ ಇರುವ ಮಕ್ಕಳಿಗೆ ಸೀಟಿ, ಕೂಗು, ಪ್ರತಿಧ್ವನಿಯೇ ಹಿಂಸೆ. ಅವರಿಗಾಗಿ ಕೊಳವನ್ನು ಒಂದು ಗಂಟೆ ಪೂರ್ತಿ ಕಾದಿರಿಸಬೇಕು. ದೃಷ್ಟಿ ಇಲ್ಲದವರಿಗೆ ಗೋಡೆ ಹತ್ತಿರ ಬಂತೆಂದು ತಿಳಿಸಲು ಉದ್ದನೆಯ ಕೋಲಿನ ತುದಿಗೆ ಮೆತ್ತನೆಯ ಚೆಂಡು ಕಟ್ಟಿ ಬೆನ್ನಿಗೆ ತಟ್ಟುತ್ತಾರೆ. ಪ್ಯಾರಾಲಿಂಪಿಕ್ಸ್‌ನಲ್ಲೂ ಇದೇ ಕ್ರಮ.

ಕೊಳಕ್ಕೆ ಬಂದು ಸೇರುವುದೇ ಹಲವರಿಗೆ ದೊಡ್ಡ ಕೆಲಸ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಪರಿಣಾಮವನ್ನು ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಂಥ ಊರುಗಳು ಇಂದಿಗೂ ಹೊತ್ತಿವೆ. ಅಂಥ ಒಳನಾಡಿನ ಮನೆಯಿಂದ ಗಾಲಿಕುರ್ಚಿಯ ಮಗುವನ್ನು ಬಸ್ಸಿನಲ್ಲಿ ಮಂಗಳೂರಿಗೆ ತಂದು ವಾಪಸು ಕರೆದೊಯ್ಯಲು ಅಮ್ಮನ ಒಂದು ದಿನದ ದುಡಿಮೆ ಪೂರ್ತಿ ಹೋಗುತ್ತದೆ. ತರಗತಿ ಉಚಿತವಾಗಿದ್ದು ವಾಹನ ಇಲ್ಲದಿದ್ದರೆ ಆ ಮಗುವಿನ ಪಾಲಿಗೆ ತರಗತಿಯೇ ಇಲ್ಲ. ಕೊಳದಲ್ಲಿ ಏಣಿ ಮಾತ್ರ ಇದ್ದು ಇಳಿಜಾರು ದಾರಿಯಾಗಲಿ ಅಗಲ ಮೆಟ್ಟಿಲಾಗಲಿ ಇಲ್ಲದಿದ್ದರೂ ಅಷ್ಟೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೆಯ ಕಲಮು ಕ್ರೀಡೆಯಲ್ಲಿ ಪಾಲ್ಗೊಳ್ಳುವಂತೆ ವ್ಯವಸ್ಥೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆಯೇ ಹೊರಿಸಿದೆ. ಹಾಗಾಗಿ ಸಾರ್ವಜನಿಕ ಕೊಳಕ್ಕೆ ಇಳಿಜಾರು ಕಟ್ಟಿಸುವುದನ್ನು ದಾನದ ಹಣದಿಂದ ಮಾಡಬಾರದು, ಕೇಳಿ ಪಡೆಯಬೇಕು. ದಾನದ ಹಣ ಸಹಾಯಕರಿಗೆ ಮತ್ತು ವಾಹನಕ್ಕೆ ಹೋಗಲಿ.

ದುಡ್ಡಿನ ಹಾದಿ

ಮತ್ತೆ ಲೆಕ್ಕಕ್ಕೆಂದು: ಎಂಟು ಮಕ್ಕಳು, ಎಂಟು ಸಹಾಯಕರು, ವಾರಕ್ಕೊಂದು ಗಂಟೆ. ಕೊಳದ ಬಾಡಿಗೆ, ತರಬೇತುದಾರರ ಗೌರವಧನ, ಸಹಾಯಕರ ಖರ್ಚು, ಒಂದು ವ್ಯಾನು, ಎಲ್ಲ ಸೇರಿ ವಾರಕ್ಕೆ ₹6,000 ಎಂದಿಟ್ಟುಕೊಳ್ಳಿ. ಜೋರು ಮಳೆಯ ವಾರಗಳು, ಹಬ್ಬ, ಪರೀಕ್ಷೆ ಬಿಟ್ಟು ವರ್ಷಕ್ಕೆ 45 ವಾರವಾದರೆ ₹2,70,000. ಮೇಲೆ ಹೇಳಿದ ₹2,76,000 ಇದಕ್ಕೆ ಸರಿಯಾಗಿ ಸಾಕು. ಎಂಟನೆಯ ಕಿಲೋಮೀಟರಿಗೆ ನಿಂತ ₹1,84,000 ಬರೀ 30 ವಾರಕ್ಕೆ. ದೋಣಿಯ ಡೀಸೆಲ್, ಟಿ-ಶರ್ಟ್, ಬ್ಯಾನರ್, ವೇದಿಕೆಯನ್ನು ಇದೇ ಹಣದಿಂದ ತೆಗೆದರೆ ಅದೂ ಉಳಿಯುವುದಿಲ್ಲ. ಈಜಿನ ಖರ್ಚನ್ನು ಈಜುವವರೋ ಬೇರೆ ಪ್ರಾಯೋಜಕರೋ ಹೊರಬೇಕು, ದಾನಿಗಳು ಕೊಟ್ಟದ್ದರಲ್ಲಿ ಒಂದು ರೂಪಾಯಿಯೂ ಕಡಲಿಗೆ ಹೋಗಬಾರದು. ಯೋಜನೆ ಕೊಳದಿಂದ ಶುರುವಾಗಬೇಕು: ಎಷ್ಟು ಮಕ್ಕಳು, ಎಷ್ಟು ವಾರ, ಎಷ್ಟು ಹಣ ಎಂದು ಬರೆದುಕೊಂಡ ಮೇಲೆ ಈಜಿನ ದಿನಾಂಕ ಗೊತ್ತುಮಾಡಬೇಕು.

ಕಂಪನಿಗಳ ಬಳಿ ಹೋಗುವವರು ಒಂದು ವಿಷಯ ತಿಳಿದಿರಬೇಕು. ಮ್ಯಾರಥಾನ್‌ನಂಥ ಒಂದು ದಿನದ ಕಾರ್ಯಕ್ರಮಕ್ಕೆ ಕೊಟ್ಟದ್ದನ್ನು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ವೆಚ್ಚವೆಂದು ಲೆಕ್ಕ ಹಿಡಿಯುವುದಿಲ್ಲ ಎಂದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೆ ವಿಕಲಚೇತನರ ವಿಶೇಷ ಶಿಕ್ಷಣ ಮತ್ತು ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿ ಎರಡೂ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿವೆ. ಅಂದರೆ ಈಜಿನ ದಿನಕ್ಕೆಂದು ಕೇಳಿದರೆ ಬಾಗಿಲು ಮುಚ್ಚಿದೆ, ವರ್ಷದ ತರಗತಿಗೆಂದು ಕೇಳಿದರೆ ತೆರೆದಿದೆ.

ಹಣ ನೋಂದಾಯಿತ ಟ್ರಸ್ಟ್ ಅಥವಾ ಸಂಘದ ಖಾತೆಗೇ ಬರಬೇಕು. ಈಜುವವರ ಸ್ವಂತ ಯುಪಿಐ ಕ್ಯೂಆರ್ ಕೋಡ್ ಹಂಚಿದರೆ ಎಷ್ಟೇ ಪ್ರಾಮಾಣಿಕರಾದರೂ ನಾಳೆ ಉತ್ತರ ಹೇಳುವುದು ಕಷ್ಟ. ಸಂಸ್ಥೆಗೆ 80ಜಿ ಮಾನ್ಯತೆ ಇದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೆ ವಿನಾಯಿತಿ ಸಿಗುತ್ತದೆ; ₹2,000ಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ ಸಿಗುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಗಲ್ಫ್‌ನಲ್ಲಿರುವ ಬಂಧುಗಳು ಕೊಡುವುದೇ ಹೆಚ್ಚು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ್ದು ವಿದೇಶಿ ದೇಣಿಗೆ ಎನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರಿಂದ ತೆಗೆದುಕೊಳ್ಳಬೇಕಾದರೆ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕೇ ಬೇಕು. ಊರಿನವರೇ ಅಲ್ಲವೇ ಎಂದು ಸುಮ್ಮನೆ ತೆಗೆದುಕೊಂಡರೆ ಸಂಸ್ಥೆ ಸಿಕ್ಕಿಬೀಳುತ್ತದೆ.

ಹಣ ಕೇಳುವ ಭಾಷೆಯ ಬಗ್ಗೆಯೂ ಒಂದು ಮಾತು. ಮಕ್ಕಳ ಕಣ್ಣೀರಿನ ಫೋಟೊ ಹಾಕಿ ಕೇಳುವುದನ್ನು ನಾನು ಒಪ್ಪುವುದಿಲ್ಲ. ಮನೆಯವರ ಒಪ್ಪಿಗೆಯಿಲ್ಲದೆ ಈಜುಡುಪಿನ ಮಗುವಿನ ಚಿತ್ರ ಹೊರಗೆ ಹೋಗಲೇಬಾರದು. ವಿಕಲಚೇತನರು ಈ ಕಥೆಯಲ್ಲಿ ಪಡೆಯುವವರಷ್ಟೇ ಅಲ್ಲ, ಈಜುವವರೂ ಹೌದು. ಕಿವಿ ಕೇಳದ ತಾರಾನಾಥ ಶೆಣೈ ಇಂಗ್ಲಿಷ್ ಕಾಲುವೆ ದಾಟಿ ಪದ್ಮಶ್ರೀ ಪಡೆದವರು. ಮಧ್ಯಪ್ರದೇಶದ ಸತ್ಯೇಂದ್ರ ಸಿಂಗ್ ಲೋಹಿಯಾ 2018ರಲ್ಲಿ ಪ್ಯಾರಾ ಈಜುಗಾರರ ರಿಲೇ ತಂಡದಲ್ಲಿ ಅದೇ ಕಾಲುವೆಯನ್ನು ದಾಟಿದರು. ಆಟಿಸಂ ಇರುವ ಮುಂಬೈಯ ಜಿಯಾ ರೈ 2022ರಲ್ಲಿ ಪಾಕ್ ಜಲಸಂಧಿಯನ್ನು ಈಜಿದಳು. ಕಾಪು–ಪಡುಕೆರೆಯ ದಾರಿಯನ್ನು ನಾಲ್ವರ ರಿಲೇಯಾಗಿ ಹಂಚಿ, ಅದರಲ್ಲಿ ಇಬ್ಬರು ವಿಕಲಚೇತನ ವಯಸ್ಕರಾದರೆ, ಒಬ್ಬೊಬ್ಬರಿಗೆ ಮೂರು ಕಿ.ಮೀ. ಬರುತ್ತದೆ; ಬಿಸಿಯ ಅಪಾಯವೂ ಅಷ್ಟರಮಟ್ಟಿಗೆ ಇಳಿಯುತ್ತದೆ.

ಕಡಲೀಜು ಬಲ್ಲವರಿಗೆ ಇಲ್ಲಿ ಬರವಿಲ್ಲ. ಕೋಟದ ಬಳಿಯ ಕೋಡಿ ಕನ್ಯಾನದ ಗೋಪಾಲ ಖಾರ್ವಿ 2013ರಲ್ಲಿ ಕೈಕಾಲಿಗೆ ಕೋಳ ತೊಡಿಸಿಕೊಂಡು ಮಲ್ಪೆಯ ಕಡಲಲ್ಲಿ 3.071 ಕಿ.ಮೀ. ಈಜಿ ಗಿನ್ನೆಸ್ ದಾಖಲೆ ಮಾಡಿದರು. ಅರುವತ್ತು ದಾಟಿದ ಗಂಗಾಧರ ಕಡೆಕಾರ್ 2021ರಲ್ಲಿ ಪದ್ಮಾಸನ ಹಾಕಿ, ಕಾಲಿಗೆ ಸರಪಳಿ ಬಿಗಿದುಕೊಂಡು ಪಡುಕೆರೆಯ ಬಳಿ 1400 ಮೀಟರ್ ಈಜಿದರು. ಕಾಲಿನ ನೆರವಿಲ್ಲದೆ ನೀರಿನಲ್ಲಿ ಸಮತೋಲ ಹಿಡಿಯುವುದು ಹೇಗೆಂದು ಮೈಯಿಂದಲೇ ಅರಿತವರು ಇವರು. ಕೊಳದ ಸಹಾಯಕರ ತರಬೇತಿಗೆ ಇಂಥವರನ್ನು ಕರೆಯಬೇಕು.

ಆ ತರಬೇತಿಗೂ ಸಮಯ ಇಡಬೇಕು. ಜನವರಿಯಲ್ಲಿ ಈಜು ಮುಗಿದರೆ ಮಾರ್ಚ್ 31ರೊಳಗೆ ಲೆಕ್ಕ ಪರಿಶೋಧಕರಿಂದ ನೋಡಿಸಿ ದಾನಿಗಳಿಗೆ ರಸೀದಿ, ಖರ್ಚಿನ ಅಂದಾಜು ಕಳುಹಿಸಬಹುದು. ಏಪ್ರಿಲ್, ಮೇ ರಜೆಯಲ್ಲಿ ದೈಹಿಕ ಶಿಕ್ಷಣ ಮತ್ತು ಫಿಸಿಯೊಥೆರಪಿ ವಿದ್ಯಾರ್ಥಿಗಳನ್ನು ಸೇರಿಸಿ, ಮಗುವನ್ನು ಎತ್ತುವುದು, ಹಿಡಿಯುವುದು, ಕೈ ಬಿಡುವುದು ಹೇಗೆಂದು ಕಲಿಸಬೇಕು. ಶಾಲೆ ತೆರೆಯುವ ಜೂನ್‌ನಲ್ಲಿ ಮೊದಲ ತರಗತಿ; ಮೊದಲ ತಿಂಗಳು ಎಂಟರ ಬದಲು ನಾಲ್ಕೇ ಮಕ್ಕಳನ್ನು ತೆಗೆದುಕೊಂಡು ಇಬ್ಬರು ಸಹಾಯಕರಿಗೆ ಒಂದು ಮಗುವಿನಂತೆ ನಡೆಸಿದರೆ ಎಲ್ಲರ ಕೈಯೂ ಪಳಗುತ್ತದೆ.